ಕಬ್ಬಿಣಕ್ಕೆ ಕಟ್ಟುವ ಸುಣ್ಣ, ಹವಳ ಕಟ್ಟುವ ಸುಣ್ಣ

ಬೋರ್‌ವೆಲ್ ನೀರಿನ ಊರುಗಳಲ್ಲಿ ಗೀಸರ್ ಕೆಟ್ಟಾಗ ಬಿಚ್ಚಿ ನೋಡಿದರೆ ಒಳಗಿನ ಕಾಯಿಲ್ ಬಿಳಿಯ ಗಟ್ಟಿ ಪದರ ಹೊದ್ದು ಕೂತಿರುತ್ತದೆ. ನೀರಿನಲ್ಲಿ ಕಣ್ಣಿಗೆ ಕಾಣದಂತೆ ಕರಗಿದ್ದ ಸುಣ್ಣದಂಶ ಕಾವಿಗೆ ಕರಗಿರಲಾರದೆ ಲೋಹವನ್ನು ಹಿಡಿದುಕೊಂಡದ್ದು ಅದು. ಕಡಲಿನ ನೀರಿನಲ್ಲಿ ಇದೇ ಕೆಲಸವನ್ನು ಕಾವಿಲ್ಲದೆ, ವಿದ್ಯುತ್ತಿನಿಂದ ಮಾಡಿಸಬಹುದು. ಕಟ್ಟಡಕ್ಕೆ ಬಳಸುವ ಸಾಮಾನ್ಯ ಕಬ್ಬಿಣದ ಸರಳುಗಳನ್ನು ಬೆಸುಗೆ ಹಾಕಿ ಒಂದು ಚೌಕಟ್ಟು ಮಾಡಿ ಕಡಲ ತಳದಲ್ಲಿಟ್ಟು, ಅದನ್ನು ಋಣ ಧ್ರುವಕ್ಕೆ ಜೋಡಿಸಬೇಕು. ಸ್ವಲ್ಪ ದೂರದಲ್ಲಿ ಲೇಪನ ಕೊಟ್ಟ ಟೈಟಾನಿಯಂ ಜಾಲರಿಯೊಂದನ್ನು ಧನ ಧ್ರುವವಾಗಿ ಇಳಿಬಿಡಬೇಕು. ಕೆಲವೇ ವೋಲ್ಟ್‌ಗಳ ನೇರ ವಿದ್ಯುತ್ ಹರಿಸಿದರೆ ಸಾಕು, ಕಬ್ಬಿಣದ ಮೈಯಿಂದ ಜಲಜನಕದ ಸಣ್ಣ ಗುಳ್ಳೆಗಳು ಏಳತೊಡಗುತ್ತವೆ. ನೀರು ಒಡೆದು ಜಲಜನಕ ಹೊರಟುಹೋದಾಗ ಹಿಂದೆ ಉಳಿಯುವುದು ಕ್ಷಾರ. ಆ ಕ್ಷಾರದ ತೆಳುವಾದ ಪೊರೆಯಲ್ಲಿ ಕ್ಯಾಲ್ಸಿಯಂ ಮತ್ತು ಕಾರ್ಬೊನೇಟ್ ಒಂದಾಗಿ ಕಬ್ಬಿಣದ ಮೇಲೆ ಗಟ್ಟಿಗಟ್ಟುತ್ತವೆ. ವಿದ್ಯುತ್ತನ್ನು ಹದವಾಗಿ ಹರಿಸಿದರೆ ಬರುವುದು ಅರಗೊನೈಟ್, ಹವಳದ ಜೀವಿ ತನ್ನ ಅಸ್ಥಿಪಂಜರಕ್ಕೆ ಬಳಸುವ ಖನಿಜವೇ. ಅವಸರಪಟ್ಟು ಹೆಚ್ಚು ಹರಿಸಿದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಬಂದು ಕೂರುತ್ತದೆ. ಅದು ಮೆದು, ಉಗುರಿಗೆ ಉದುರುವಂಥದ್ದು. ಮನೆ ಕಟ್ಟುವವರು ಗಾರೆಗೆ ನಿಧಾನವಾಗಿ ನೀರುಣಿಸಿ ಗಟ್ಟಿ ಮಾಡುವ ಹಾಗೆ ಇಲ್ಲಿಯೂ ನಿಧಾನವೇ ಗಟ್ಟಿತನ. ಜೊತೆಗೆ ಇನ್ನೊಂದು ಲಾಭ: ಋಣ ಧ್ರುವದಲ್ಲಿರುವ ಕಬ್ಬಿಣ ಉಪ್ಪುನೀರಿನಲ್ಲಿದ್ದರೂ ತುಕ್ಕು ಹಿಡಿಯುವುದಿಲ್ಲ.

ಈ ರಸಾಯನಕ್ಕೆ 200 ವರ್ಷಗಳ ಇತಿಹಾಸವಿದೆ. 1824ರಲ್ಲಿ ಹಂಫ್ರಿ ಡೇವಿ ಬ್ರಿಟಿಷ್ ನೌಕಾಪಡೆಯ ಹಡಗುಗಳ ತಾಮ್ರದ ಹೊದಿಕೆ ಸವೆಯದಂತೆ ತಡೆಯಲು ಅದಕ್ಕೆ ಕಬ್ಬಿಣ, ಸತುವಿನ ತುಂಡುಗಳನ್ನು ಜೋಡಿಸಿದ. ತಾಮ್ರವೇನೋ ಉಳಿಯಿತು. ಆದರೆ ಕರಗಿ ವಿಷ ಬಿಡುತ್ತಿದ್ದ ತಾಮ್ರ ಕರಗುವುದನ್ನು ನಿಲ್ಲಿಸಿದ್ದರಿಂದ ಅದರ ಮೇಲೆ ಕಡಲ ಚಿಪ್ಪುಜೀವಿಗಳು, ಪಾಚಿ ದಟ್ಟವಾಗಿ ಬೆಳೆದು ಹಡಗಿನ ವೇಗವೇ ಕುಗ್ಗಿತು. ಡೇವಿಗೆ ಸೋಲಾಗಿ ಕಂಡದ್ದನ್ನೇ ಒಂದೂವರೆ ಶತಮಾನದ ನಂತರ ಒಬ್ಬ ವಾಸ್ತುಶಿಲ್ಪಿ ಬಯಸಿ ಹುಡುಕಿಕೊಂಡು ಹೋದ. ಜರ್ಮನಿಯಲ್ಲಿ ಹುಟ್ಟಿ ಅಮೆರಿಕದ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದ ವುಲ್ಫ್ ಹಿಲ್ಬರ್ಟ್ಸ್ 1970ರ ದಶಕದಲ್ಲಿ ಕಡಲಿನಲ್ಲೇ ಗೋಡೆ, ತೊಲೆಗಳನ್ನು ‘ಬೆಳೆಸುವ’ ಕನಸು ಕಂಡ. ಅಟ್ಲಾಂಟಿಕ್‌ನ ಆಂಪೇರ್ ಎಂಬ ಮುಳುಗು ಬೆಟ್ಟದ ಮೇಲೆ ಇಡೀ ಊರನ್ನೇ ಹೀಗೆ ಕಟ್ಟುವ ನಕ್ಷೆಯೂ ಅವನ ಬಳಿ ಇತ್ತು. 1979ರಲ್ಲಿ ಅವನು ತನ್ನ ಪ್ರಯೋಗಗಳ ಫಲಿತಾಂಶಗಳನ್ನು ಪ್ರಕಟಿಸಿದ. 1980ರ ದಶಕದ ಕೊನೆಗೆ ಜಮೈಕಾದಲ್ಲಿ ಹವಳ ವಿಜ್ಞಾನಿ ಥಾಮಸ್ ಗೊರೊ ಜೊತೆಯಾದಾಗ ಗುರಿಯೇ ಬದಲಾಯಿತು. ಊರು ಕಟ್ಟುವ ಯೋಚನೆ ಹಿಂದೆ ಸರಿದು, ಅಳಿಯುತ್ತಿರುವ ಹವಳದ ದಿಬ್ಬಗಳನ್ನು ಮರಳಿ ಕಟ್ಟುವ ಯೋಚನೆ ಮುಂದೆ ಬಂತು. ‘ಬಯೋರಾಕ್’ ಎಂಬ ಹೆಸರಿನಲ್ಲಿ ಇಂದು ಇಂಡೊನೇಷ್ಯಾದಿಂದ ಕೆರಿಬಿಯನ್‌ವರೆಗೆ, ನಮ್ಮ ಗುಜರಾತಿನವರೆಗೂ ಹರಡಿರುವುದು ಈ ಜೋಡಿಯ ವಿಧಾನ.

ಹರಡಿದ್ದರ ಜೊತೆಗೆ ಒಂದು ಗೊಂದಲವೂ ಹರಡಿದೆ. ಅದನ್ನು ಬಿಡಿಸದೆ ಈ ವಿಧಾನದ ಬೆಲೆ ಕಟ್ಟಲಾಗದು. ‘ವಿದ್ಯುತ್ತಿನಿಂದ ಹವಳ ಬೆಳೆಯುತ್ತದೆ’ ಎಂಬ ಒಂದೇ ಮಾತಿನಲ್ಲಿ ಎರಡು ಬೇರೆ ಬೇರೆ ಹೇಳಿಕೆಗಳು ಸೇರಿಕೊಂಡಿವೆ. ವಿದ್ಯುತ್ತು ಕಬ್ಬಿಣದ ಮೇಲೆ ಸುಣ್ಣ ಕಟ್ಟುತ್ತದೆ ಎಂಬುದು ಮೊದಲನೆಯದು. ಇದು ರಸಾಯನ, ಸಂಶಯಕ್ಕೆಡೆಯಿಲ್ಲ. ವಿದ್ಯುತ್ತು ಹರಿಯುವ ಕಡೆ ಹವಳದ ಜೀವಿ ಹೆಚ್ಚು ಬೇಗ, ಹೆಚ್ಚು ಆರೋಗ್ಯವಾಗಿ ಬೆಳೆಯುತ್ತದೆ ಎಂಬುದು ಎರಡನೆಯದು. ಇದು ಜೀವಶಾಸ್ತ್ರ, ಇದಕ್ಕೆ ಬೇರೆಯೇ ಸಾಕ್ಷ್ಯ ಬೇಕು. ಮೊದಲನೆಯದರ ಖಚಿತತೆಯನ್ನು ಎರಡನೆಯದಕ್ಕೆ ಕಡ ಕೊಡುವುದರಿಂದಲೇ ಬಯೋರಾಕ್ ಬಗ್ಗೆ ಅತಿಯಾದ ನಿರೀಕ್ಷೆಯೂ, ಅದಕ್ಕೆ ಪ್ರತಿಯಾಗಿ ಅತಿಯಾದ ತಾತ್ಸಾರವೂ ಹುಟ್ಟಿಕೊಂಡಿವೆ. ಹವಳವೆಂದರೆ ನಮ್ಮಲ್ಲಿ ತಾಳಿಯ ಜೊತೆ ಪೋಣಿಸುವ ಕೆಂಪು ಮಣಿ ನೆನಪಾಗುತ್ತದೆ. ಅದು ಮೆಡಿಟರೇನಿಯನ್ ಕಡಲಿನ ಬೇರೊಂದು ಜಾತಿ, ದಿಬ್ಬ ಕಟ್ಟುವುದಿಲ್ಲ. ದಿಬ್ಬ ಕಟ್ಟುವ ಹವಳ ಸಾವಿರಾರು ಪುಟ್ಟ ಜೀವಿಗಳ ಒಟ್ಟು ಸಂಸಾರ. ಒಂದೊಂದು ಜೀವಿಯ ಮೈಯೊಳಗೂ ಸೂಕ್ಷ್ಮ ಪಾಚಿ ವಾಸವಿದ್ದು, ಬಿಸಿಲಿನಿಂದ ಆಹಾರ ತಯಾರಿಸಿ ಮನೆಯೊಡೆಯನಿಗೆ ಕೊಡುತ್ತದೆ. ಆ ಆಹಾರದ ಬಲದಿಂದ ಹವಳದ ಜೀವಿ ತನ್ನ ಅಂಗಾಂಶದ ಅಡಿಯಲ್ಲಿ, ಹೊರಗಿನ ಕಡಲಿನಿಂದ ಮರೆಯಾದ ಸಣ್ಣದೊಂದು ದ್ರವದ ಕೋಣೆಯಲ್ಲಿ ಸುಣ್ಣ ಕೂಡಿಸುತ್ತದೆ. ಆ ಕೋಣೆಯಿಂದ ಆಮ್ಲವನ್ನು ಹೊರಗೆ ಪಂಪ್ ಮಾಡಿ ಒಳಗೆ ಕ್ಷಾರವನ್ನು ಕಾಪಾಡಿಕೊಳ್ಳುವುದು ಅದಕ್ಕೆ ದುಬಾರಿ ಕೆಲಸ. ಗೊರೊ ಅವರ ವಾದ ನಿಂತಿರುವುದು ಇಲ್ಲಿ: ಋಣ ಧ್ರುವದ ಬಳಿ ಕ್ಷಾರ ಪುಕ್ಕಟೆ ಸಿಗುವುದರಿಂದ ಹವಳಕ್ಕೆ ಶಕ್ತಿ ಉಳಿಯುತ್ತದೆ, ಉಳಿದ ಶಕ್ತಿ ಬೆಳವಣಿಗೆಗೆ, ರೋಗ ತಡೆಯಲು ಒದಗುತ್ತದೆ. ಕೇಳಲು ಒಪ್ಪುವಂಥ ವಾದ. ಆದರೆ ಕಬ್ಬಿಣದ ಸುತ್ತಲಿನ ಕ್ಷಾರದ ಪೊರೆ ತೀರಾ ತೆಳು. ಅದರಾಚೆಯ ಕಡಲು ಎಂದಿನಂತೆಯೇ ಇರುತ್ತದೆ. ಬುಡದಲ್ಲಿ ಸಿಕ್ಕ ಅನುಕೂಲ ಕೆಲವು ಸೆಂಟಿಮೀಟರ್ ಮೇಲಿರುವ ಕೊಂಬೆಯ ತುದಿಗೆ ಹೇಗೆ ತಲುಪುತ್ತದೆ ಎಂಬುದಕ್ಕೆ ಈ ವಾದದಲ್ಲಿ ಸಲೀಸಾದ ಉತ್ತರವಿಲ್ಲ.

ಪ್ರಯೋಗಗಳು ಹೇಳುವುದೂ ಬಹುಮಟ್ಟಿಗೆ ಇದನ್ನೇ. ಫಿಲಿಪ್ಪೀನ್ಸ್‌ನಲ್ಲಿ ಸಬಾಟೆರ್ ಮತ್ತು ಯಾಪ್ ಎಂಬ ವಿಜ್ಞಾನಿಗಳು ಪೊರೈಟಿಸ್ ಕುಲದ ಹವಳದ ತುಣುಕುಗಳನ್ನು ವಿದ್ಯುತ್ ಇರುವ, ಇಲ್ಲದ ಚೌಕಟ್ಟುಗಳಿಗೆ ಕಟ್ಟಿ ಹೋಲಿಸಿ, 2002 ಮತ್ತು 2004ರಲ್ಲಿ ವರದಿ ಮಾಡಿದರು. ವಿದ್ಯುತ್ ಪಡೆದ ತುಣುಕುಗಳು ಬುಡದಲ್ಲಿ ದಪ್ಪವಾದವು. ಉದ್ದದಲ್ಲಿ ಅವು ಸಹಜವಾಗಿ ಬೆಳೆಯುತ್ತಿದ್ದ ಹವಳವನ್ನು ಹಿಂದಿಕ್ಕಲಿಲ್ಲ. ವಿದ್ಯುತ್ ನಿಂತ ಕೆಲವು ತಿಂಗಳಿಗೆ ದಪ್ಪವಾಗುವ ವೇಗವೂ ಉಳಿದವುಗಳ ಮಟ್ಟಕ್ಕೆ ಇಳಿಯಿತು. ಬೊರೆಲ್ ಮತ್ತು ಜೊತೆಗಾರರು 2010ರಲ್ಲಿ ವರದಿ ಮಾಡಿದಂತೆ, ಅಕ್ರೊಪೊರ ಕುಲದ ಎರಡು ಜಾತಿಗಳನ್ನು ಒಟ್ಟಿಗಿಟ್ಟು ನೋಡಿದಾಗ, ಒಂದೇ ವಿದ್ಯುತ್ತಿಗೆ ಅವೆರಡೂ ಬೇರೆ ಬೇರೆ ರೀತಿಯಲ್ಲಿ ಪ್ರತಿಕ್ರಿಯಿಸಿದವು. ಒಂದು ಜಾತಿಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗಲೇಬೇಕೆಂದಿಲ್ಲ. ಇನ್ನೊಂದು ಕಡೆ, ವಿಧಾನವನ್ನು ರೂಪಿಸಿದವರೇ ಬರೆದಿರುವ ವರದಿಗಳಲ್ಲಿ ಬೆಳವಣಿಗೆ ಹಲವು ಪಟ್ಟು ಹೆಚ್ಚೆಂಬ ಅಂಕಿಗಳಿವೆ. ಅವರ ಶ್ರದ್ಧೆಯನ್ನು ಅನುಮಾನಿಸಬೇಕಾಗಿಲ್ಲ. ಮೂವತ್ತು ವರ್ಷ ಕಡಲಿನಲ್ಲಿ ಮುಳುಗೆದ್ದು ದುಡಿದವರು ಅವರು. ಆದರೆ ಒಂದು ಚೌಕಟ್ಟಿನ ಮೇಲೆ ಹವಳ ಸೊಂಪಾಗಿ ಬೆಳೆದಿದ್ದನ್ನು ನೋಡುವುದಕ್ಕೂ, ಅದೇ ಜಾಗದಲ್ಲಿ, ಅದೇ ಎತ್ತರದಲ್ಲಿ, ಅದೇ ಜಾತಿಯ ತುಣುಕು ಕಟ್ಟಿದ, ತಂತಿ ಮಾತ್ರ ಇಲ್ಲದ ಚೌಕಟ್ಟಿನ ಜೊತೆ ಹೋಲಿಸುವುದಕ್ಕೂ ಬಹಳ ಅಂತರವಿದೆ. ಕಬ್ಬಿಣದ ಚೌಕಟ್ಟೇ ಹವಳವನ್ನು ಮರಳು, ಕೆಸರಿನಿಂದ ಮೇಲೆತ್ತಿ ಹರಿಯುವ ನೀರಿಗೆ ಒಡ್ಡುತ್ತದೆ. ಆ ಪುಣ್ಯವನ್ನೂ ವಿದ್ಯುತ್ತಿನ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. ಜಗತ್ತಿನ ಹವಳ ಪುನಶ್ಚೇತನದ 362 ಪ್ರಕರಣಗಳನ್ನು ಕಲೆಹಾಕಿ 2020ರಲ್ಲಿ ಬಂದ ವಿಮರ್ಶೆಯೊಂದು ಈ ಕ್ಷೇತ್ರದ ಒಟ್ಟು ದೌರ್ಬಲ್ಯವನ್ನು ತೋರಿಸಿತು: ಸುಮಾರು 60% ಪ್ರಕರಣಗಳಲ್ಲಿ ನಿಗಾ ಇಟ್ಟದ್ದು ಹದಿನೆಂಟು ತಿಂಗಳಿಗೂ ಕಡಿಮೆ. ವರ್ಷಕ್ಕೆ ಸೆಂಟಿಮೀಟರ್ ಲೆಕ್ಕದಲ್ಲಿ ಬೆಳೆಯುವ ಜೀವಿಯ ಮಟ್ಟಿಗೆ ಇದು ಬಿತ್ತಿದ ವಾರಕ್ಕೆ ಫಸಲು ಅಳೆದ ಹಾಗೆ.

ಹಾಗಾದರೆ ಪೆಮುತೆರಾನ್‌ಗೆ ಏನು ಹೇಳುವುದು ಎಂಬ ಪ್ರಶ್ನೆ ಸಹಜವಾಗಿ ಬರುತ್ತದೆ. ಬಾಲಿ ದ್ವೀಪದ ವಾಯವ್ಯ ಅಂಚಿನ ಈ ಮೀನುಗಾರರ ಹಳ್ಳಿ ಬಯೋರಾಕ್‌ನ ಅತ್ಯಂತ ಪ್ರಸಿದ್ಧ ಉದಾಹರಣೆ. 1990ರ ದಶಕದ ಕೊನೆಯಲ್ಲಿ ಏಷ್ಯಾದ ಆರ್ಥಿಕ ಕುಸಿತದ ಹೊಡೆತಕ್ಕೆ ಸಿಕ್ಕಿ ಮೀನುಗಾರರಿಗೆ ಬದುಕಲು ದಾರಿ ಕಾಣದಾದಾಗ, ಅಲ್ಲಿನ ಕಡಲಿಗೆ ಗೊಬ್ಬರದಿಂದ ಮಾಡಿದ ಬಾಂಬುಗಳು ಬಿದ್ದವು, ಸಯನೈಡ್ ಬಿತ್ತು. ಬಾಂಬು ಸಿಡಿದರೆ ಮೀನು ತೇಲುತ್ತದೆ, ಹವಳ ಚೂರಾಗುತ್ತದೆ. ಚೂರಾದದ್ದಕ್ಕಿಂತ ಆಮೇಲಿನದು ಘೋರ: ತಳದಲ್ಲಿ ಹರಡಿದ ಆ ಚೂರುಗಳು ಅಲೆಗೆ ಉರುಳುತ್ತಲೇ ಇರುತ್ತವೆ. ಈಜಿ ಬರುವ ಹವಳದ ಮರಿ ಅವುಗಳ ಮೇಲೆ ಕೂತರೂ ಉರುಳುವ ಕಲ್ಲಿನಡಿ ನಜ್ಜುಗುಜ್ಜಾಗುತ್ತದೆ. ಹೀಗೆ ಬಾಂಬು ನಿಂತು ದಶಕಗಳಾದರೂ ಅಲ್ಲಿ ದಿಬ್ಬ ತಾನಾಗಿ ಏಳದಿರಬಹುದು. ಅದರ ಮೇಲೆ 1998ರಲ್ಲಿ ಕಡಲ ನೀರು ಬಿಸಿಯೇರಿ ಹವಳಕ್ಕೆ ಬಿದ್ದ ಪೆಟ್ಟು ಬೇರೆ. 2000ದಲ್ಲಿ ಹಿಲ್ಬರ್ಟ್ಸ್ ಮತ್ತು ಗೊರೊ ಸ್ಥಳೀಯರ ಜೊತೆ ಸೇರಿ ಇಲ್ಲಿ ಚೌಕಟ್ಟುಗಳನ್ನಿಳಿಸಲು ಶುರು ಮಾಡಿದರು. ದಡದಿಂದ ಕೇಬಲ್ ಎಳೆದು ವಿದ್ಯುತ್ ಕೊಟ್ಟರು. ಅಲೆಗೆ ಮುರಿದು ಬಿದ್ದಿದ್ದ ಜೀವಂತ ತುಣುಕುಗಳನ್ನು ಹೆಕ್ಕಿ ಸರಳುಗಳಿಗೆ ಕಟ್ಟಿದರು. ಕೆಲವು ವರ್ಷಗಳಲ್ಲಿ ಬರಡು ತಳದ ಮೇಲೆ ಬಣ್ಣದ ತೋಟ ಎದ್ದಿತು, ಮೀನು ಬಂತು, ಮೀನು ನೋಡಲು ಪ್ರವಾಸಿಗರು ಬಂದರು. 2012ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ಈಕ್ವೇಟರ್ ಪ್ರಶಸ್ತಿ ಈ ಹಳ್ಳಿಯ ಸಂಸ್ಥೆಗೆ ಸಂದಿತು. ಯಶಸ್ಸು ನಿಜ, ದೊಡ್ಡದು. ಆದರೆ ಅದೇ ಕಾಲದಲ್ಲಿ ಆ ಹಳ್ಳಿ ಇನ್ನೊಂದು ಕೆಲಸ ಮಾಡಿತ್ತು. ಬಾಲಿಯ ಊರುಗಳಲ್ಲಿ ಹಬ್ಬ, ಮೆರವಣಿಗೆಗಳಿಗೆ ಕಾವಲು ನಿಲ್ಲುವ ‘ಪೆಚಲಾಂಗ್’ ಎಂಬ ಸಾಂಪ್ರದಾಯಿಕ ಪಡೆಯಿದೆ; ಪೆಮುತೆರಾನ್ ಆ ಕಾವಲನ್ನು ಕಡಲಿಗೂ ವಿಸ್ತರಿಸಿತು. ಬಾಂಬು ಎಸೆಯುವವರನ್ನು ತಡೆಯಲು ಮೀನುಗಾರರೇ ನಿಂತರು. ವಿದ್ಯುತ್ತೂ ಕಾವಲೂ ಒಟ್ಟಿಗೇ ಬಂದ ಜಾಗದಲ್ಲಿ ಫಲ ಯಾವುದರದೆಂದು ಬೇರ್ಪಡಿಸುವುದು ಕಷ್ಟ. ಬಾಂಬು ಬೀಳುತ್ತಲೇ ಇದ್ದಿದ್ದರೆ ಯಾವ ವೋಲ್ಟೂ ಆ ತೋಟವನ್ನು ಉಳಿಸುತ್ತಿರಲಿಲ್ಲ ಎಂಬುದರಲ್ಲಂತೂ ಅನುಮಾನವಿಲ್ಲ.

ಬೇರ್ಪಡಿಸಿ ನೋಡಲು ಒಂದು ಅವಕಾಶವನ್ನು ಇಂಡೊನೇಷ್ಯಾವೇ ಒದಗಿಸಿದೆ. ದಕ್ಷಿಣ ಸುಲವೇಸಿಯ ಕಡಲಲ್ಲಿ, ಇಂಥದೇ ಬಾಂಬಿಗೆ ಚೂರಾದ ತಳದ ಮೇಲೆ, ಚಾಕೊಲೇಟ್ ತಯಾರಿಸುವ ಮಾರ್ಸ್ ಕಂಪನಿಯ ನೆರವಿನಿಂದ ಇನ್ನೊಂದು ಯೋಜನೆ ನಡೆದಿದೆ. ಮರಳು ಲೇಪಿಸಿದ ಷಟ್ಕೋನದ ಉಕ್ಕಿನ ಚೌಕಟ್ಟುಗಳನ್ನು ಒಂದಕ್ಕೊಂದು ಜೋಡಿಸಿ ಚೂರುಗಳ ಮೇಲೆ ಬಲೆಯಂತೆ ಹಾಸುತ್ತಾರೆ, ಅವಕ್ಕೆ ಹವಳದ ತುಣುಕು ಕಟ್ಟುತ್ತಾರೆ. ವಿದ್ಯುತ್ತಿಲ್ಲ, ಕೇಬಲ್ಲಿಲ್ಲ. 2024ರಲ್ಲಿ ಪ್ರಕಟವಾದ ಅಧ್ಯಯನಕ್ಕಾಗಿ ಎಕ್ಸೆಟರ್ ವಿಶ್ವವಿದ್ಯಾಲಯದ ಇನೆಸ್ ಲಾಂಗೆ ಮತ್ತು ಸಂಗಡಿಗರು ಅಲ್ಲಿ ಅಳೆದದ್ದು ಕೊಂಬೆಯ ಉದ್ದವನ್ನಲ್ಲ. ದಿಬ್ಬ ಒಟ್ಟಾರೆ ಎಷ್ಟು ಸುಣ್ಣ ಕೂಡಿಸುತ್ತಿದೆ, ಎಷ್ಟು ಕಳೆದುಕೊಳ್ಳುತ್ತಿದೆ ಎಂಬ ಜಮಾಖರ್ಚನ್ನು. ನಾಲ್ಕು ವರ್ಷಗಳಲ್ಲಿ ನೆಟ್ಟ ದಿಬ್ಬ ಆರೋಗ್ಯವಂತ ಸಹಜ ದಿಬ್ಬದ ವೇಗಕ್ಕೆ ಬಂದಿತ್ತು. ಬಾಂಬು ಬಿದ್ದ ಜಾಗದಲ್ಲಿ ಹವಳಕ್ಕೆ ಮೊದಲು ಬೇಕಾದದ್ದು ಅಲುಗದ ಬುಡ ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷ್ಯ ಬೇಡ. ಇದರಿಂದ ಬಯೋರಾಕ್ ನಿರರ್ಥಕ ಎಂದು ತೀರ್ಮಾನಿಸಿದರೆ ಅದೂ ಅವಸರವೇ. ತನ್ನ ಗಾಯಕ್ಕೆ ತಾನೇ ಸುಣ್ಣ ತುಂಬಿಕೊಳ್ಳುವ, ತುಕ್ಕು ಹಿಡಿಯದ, ವರ್ಷ ಕಳೆದಂತೆ ಗಟ್ಟಿಯಾಗುವ ಬುಡ ಬೇರೆ ಯಾವ ವಿಧಾನದಲ್ಲೂ ಸಿಗುವುದಿಲ್ಲ. ಅಲೆಯ ಹೊಡೆತ ಜೋರಾಗಿರುವ ಕಡೆ, ದಡ ಕೊರೆಯುತ್ತಿರುವ ಕಡೆ ಈ ಗುಣಕ್ಕೆ ಬೆಲೆಯಿದೆ. ಹಾಗೆಂದು ಬೆಲೆ ಕಟ್ಟುವುದಾದರೆ ಅದನ್ನು ಕಟ್ಟಡದ ವಿಧಾನವಾಗಿ ತೂಗಬೇಕು, ಹವಳಕ್ಕೆ ಕೊಡುವ ಟಾನಿಕ್ಕಾಗಿ ತೂಗಬಾರದು. ಹಿಲ್ಬರ್ಟ್ಸ್ ಮೂಲತಃ ವಾಸ್ತುಶಿಲ್ಪಿ ಎಂಬುದು ಇಲ್ಲಿ ನೆನಪಿಗೆ ಬರುತ್ತದೆ. ಅವನ ಮೊದಲ ಅಂತಃಪ್ರೇರಣೆಯೇ ಹೆಚ್ಚು ಸರಿಯಾಗಿತ್ತೇನೋ.

ಈ ವಿಧಾನದ ಪರವಾಗಿರುವ ಅತ್ಯಂತ ಬಲವಾದ ಮಾತು ಬಿಸಿಯ ಕುರಿತದ್ದು. ಕಡಲಿನ ನೀರು ಎಂದಿನ ಬೇಸಿಗೆಯ ಗರಿಷ್ಠಕ್ಕಿಂತ ಒಂದು ಡಿಗ್ರಿ ಹೆಚ್ಚಾಗಿ ಕೆಲವು ವಾರ ಹಾಗೇ ನಿಂತರೆ ಹವಳದ ಜೀವಿ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಚುತ್ತದೆ, ನೀರು ತಣಿಯದಿದ್ದರೆ ಹಸಿದು ಸಾಯುತ್ತದೆ. 1998ರಲ್ಲಿ ಮಾಲ್ಡೀವ್ಸ್‌ನ ಹವಳ ಹೀಗೆ ಸತ್ತಾಗ, ಇಹುರು ದ್ವೀಪದ ತಮ್ಮ ಚೌಕಟ್ಟುಗಳ ಮೇಲೆ ಅರ್ಧಕ್ಕಿಂತ ಹೆಚ್ಚು ಹವಳ ಬದುಕುಳಿಯಿತು, ಸುತ್ತಲಿನ ದಿಬ್ಬದಲ್ಲಿ ಉಳಿದದ್ದು 5%ಕ್ಕೂ ಕಡಿಮೆ ಎಂದು ಗೊರೊ ಮತ್ತು ಹಿಲ್ಬರ್ಟ್ಸ್ ದಾಖಲಿಸಿದರು. ಇದು ಹೀಗೇ ಮತ್ತೆ ಮತ್ತೆ ಆಗುತ್ತದೆಂದು ತೋರಿಸಲು ಸಾಧ್ಯವಾದರೆ ಮೇಲೆ ಹೇಳಿದ ಅನುಮಾನಗಳೆಲ್ಲ ಪಕ್ಕಕ್ಕೆ ಸರಿಯಬೇಕು. ಒಂದು ಜಾಗದ, ಒಂದು ವರ್ಷದ ಫಲಿತಾಂಶವನ್ನು ತಳ್ಳಿಹಾಕುವುದು ಸರಿಯಲ್ಲ; ಅದರ ಮೇಲೆ ನೀತಿ ಕಟ್ಟುವುದೂ ಸರಿಯಲ್ಲ. ಅದು ಒಂದು ಕರೆ, ಪರೀಕ್ಷಿಸಿ ನೋಡಿ ಎಂಬ ಕರೆ. ಪರೀಕ್ಷೆಗೆ ಬೇಕಾದ ಬಿಸಿಯನ್ನು ನಮ್ಮ ಕಾಲ ಧಾರಾಳವಾಗಿ ಕೊಡುತ್ತಿದೆ ಎಂಬುದೇ ದುಃಖ. 1998, 2010, 2014ರಿಂದ 2017, ಹೀಗೆ ಮೂರು ಜಾಗತಿಕ ಬಿಳಿಚುವಿಕೆಗಳ ನಂತರ 2024ರ ಏಪ್ರಿಲ್‌ನಲ್ಲಿ ನಾಲ್ಕನೆಯದನ್ನು ವಿಜ್ಞಾನಿಗಳು ಘೋಷಿಸಿದರು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ಸಂಶೋಧಕರು ಲಕ್ಷದ್ವೀಪದ ದಿಬ್ಬಗಳನ್ನು 1998ರಿಂದ ಬಿಡದೆ ನೋಡುತ್ತ ಬಂದಿದ್ದಾರೆ. ಆಗ ಸುಮಾರು 37% ಇದ್ದ ಜೀವಂತ ಹವಳದ ಹೊದಿಕೆ 2022ರ ಹೊತ್ತಿಗೆ 20%ರ ಆಸುಪಾಸಿಗೆ ಇಳಿದಿತ್ತು. ಒಂದು ಬಿಸಿಯ ಪೆಟ್ಟಿಗೂ ಇನ್ನೊಂದಕ್ಕೂ ನಡುವಿನ ಬಿಡುವೇ ಸಾಲದಾಗುತ್ತಿದೆ. ಭೂಮಿಯ ತಾಪ 1.5 ಡಿಗ್ರಿ ಏರಿದರೆ 70ರಿಂದ 90% ಹವಳದ ದಿಬ್ಬಗಳು, 2 ಡಿಗ್ರಿ ಏರಿದರೆ 99%ಕ್ಕೂ ಹೆಚ್ಚು ಅಳಿಯುತ್ತವೆಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿ ಎಚ್ಚರಿಸಿದೆ. ಕಬ್ಬಿಣದ ಚೌಕಟ್ಟಿಗೆ ಹರಿಸುವ ವಿದ್ಯುತ್ತು ಸುತ್ತಲಿನ ನೀರನ್ನು ಒಂದಿನಿತೂ ತಣಿಸುವುದಿಲ್ಲ. ಕಲ್ಲಿದ್ದಲು ಸುಟ್ಟು ತಯಾರಿಸಿದ ವಿದ್ಯುತ್ತಾದರೆ ಅದರ ಪಾಲಿನ ಬಿಸಿಯನ್ನೂ ಸೇರಿಸುತ್ತದೆ.

‘ದಿಬ್ಬ ಕಣ್ಣೆದುರೇ ಸಾಯುತ್ತಿರುವಾಗ ಪರೀಕ್ಷೆ, ಹೋಲಿಕೆ ಎಂದು ಕೂರಲು ಸಮಯವೆಲ್ಲಿದೆ? ಕೈಯಲ್ಲಿರುವುದನ್ನು ಹಾಕಿಬಿಡೋಣ’ ಎನ್ನುವವರಿದ್ದಾರೆ. ಅವರ ಕಳಕಳಿ ನಿಜವಾದದ್ದು. ಆದರೆ ಹಣ, ಮುಳುಗುಗಾರರು, ದೋಣಿ, ಊರಿನ ಉತ್ಸಾಹ ಎಲ್ಲವೂ ಮಿತವಾಗಿರುವಾಗ, ಕೇಬಲ್, ಸೌರಫಲಕ, ಟೈಟಾನಿಯಂಗೆ ಹೋದ ಹಣ ಕಾವಲಿಗೆ, ಚರಂಡಿ ನೀರು ಕಡಲಿಗೆ ಸೇರದಂತೆ ತಡೆಯುವುದಕ್ಕೆ ಸಿಗುವುದಿಲ್ಲ. ಇನ್ನು ವಿದ್ಯುತ್ ಎಂದ ಕೂಡಲೇ ಮೀನುಗಳಿಗೆ, ಈಜುವವರಿಗೆ ಶಾಕ್ ಹೊಡೆಯುವ ಭಯ ಕೆಲವರದು. ಇಷ್ಟು ಕಡಿಮೆ ವೋಲ್ಟೇಜಿನಲ್ಲಿ ಅದಕ್ಕೆ ಆಧಾರವಿಲ್ಲ. ಆದರೆ ಶಾರ್ಕ್‌ಗಳು ಸೂಕ್ಷ್ಮ ವಿದ್ಯುತ್ತನ್ನೂ ಗ್ರಹಿಸಬಲ್ಲವು, ಇಂಥ ಕ್ಷೇತ್ರದ ಬಳಿ ಆಹಾರಕ್ಕೆ ಬರಲು ಅವು ಹಿಂಜರಿದದ್ದನ್ನು ಕೆರಿಬಿಯನ್ ಪ್ರದೇಶದ ಪ್ರಯೋಗವೊಂದು 2017ರಲ್ಲಿ ತೋರಿಸಿದೆ. ಕಡಲಿನಿಂದ ಸುಣ್ಣ ಕಟ್ಟುವುದರಿಂದ ಗಾಳಿಯ ಇಂಗಾಲವನ್ನೂ ಹೂತಂತಾಗುತ್ತದೆ ಎಂಬ ಪ್ರಚಾರವೂ ಅಲ್ಲಲ್ಲಿ ಇದೆ. ಋಣ ಧ್ರುವದಲ್ಲಿ ಎಷ್ಟು ಕ್ಷಾರ ಹುಟ್ಟುತ್ತದೋ ಅಷ್ಟೇ ಆಮ್ಲ ಧನ ಧ್ರುವದಲ್ಲಿ ಹುಟ್ಟುತ್ತದೆ. ಒಟ್ಟು ಲೆಕ್ಕದಲ್ಲಿ ಆ ಮಾತು ನಿಲ್ಲುವುದಿಲ್ಲ.

ಇದೆಲ್ಲ ನಮಗೆ ದೂರದ ಸಂಗತಿಯಲ್ಲ. 2020ರ ಜನವರಿಯಲ್ಲಿ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾ ಸಂಸ್ಥೆ ಗುಜರಾತ್ ಅರಣ್ಯ ಇಲಾಖೆಯ ಜೊತೆ ಸೇರಿ ಕಚ್ಛ್ ಕೊಲ್ಲಿಯ ಮೀಠಾಪುರದ ದಡದಿಂದ ಒಂದು ನಾಟಿಕಲ್ ಮೈಲಿ ಆಚೆ ದೇಶದ ಮೊದಲ ಬಯೋರಾಕ್ ಚೌಕಟ್ಟನ್ನು ಇಳಿಸಿತು. ವಿದ್ಯುತ್ತು ತೇಲುವ ಸೌರಫಲಕಗಳದು. ಆ ಕೊಲ್ಲಿ ದೇಶದ ಮೊದಲ ಸಾಗರ ರಾಷ್ಟ್ರೀಯ ಉದ್ಯಾನವನ್ನು ಹೊಂದಿದೆ, ಹಿಂದೆ ಸಿಮೆಂಟಿಗಾಗಿ ಹವಳದ ಮರಳನ್ನು ಅಗೆದು ಸಾಗಿಸಿದ್ದೂ ಅಲ್ಲಿಂದಲೇ. ಭಾರೀ ಉಬ್ಬರವಿಳಿತ, ಸದಾ ಕದಡಿದ ನೀರು, ತಳದಲ್ಲಿ ಕೆಸರು: ಹವಳಕ್ಕೆ ಕಷ್ಟದ ಜಾಗ. ಅಲುಗದ, ಕೆಸರಿನಿಂದ ಮೇಲೆದ್ದ ಬುಡಕ್ಕೆ ನಿಜವಾದ ಕೊರತೆಯಿರುವುದು ಇಂಥ ಕಡೆಯೇ. ಆದ್ದರಿಂದ ಜಾಗದ ಆಯ್ಕೆ ಸರಿಯಾಗಿದೆ. ಹೋಲಿಕೆಗೆ ನಮ್ಮ ಕಡಲನ್ನೇ ನೋಡಬಹುದು. ಮುರ್ಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಅದು ಕೂತಿರುವುದು ಗಟ್ಟಿ ಬಂಡೆಯ ಮೇಲೆ. ಅಲ್ಲಿ ಬುಡದ ಕೊರತೆಯಿಲ್ಲ. ನಾಳೆ ಯಾರಾದರೂ ಅಲ್ಲಿಗೆ ತಂತಿ ಎಳೆಯುವ ಯೋಜನೆ ತಂದರೆ ಕೇಳಬೇಕಾದ ಮೊದಲ ಪ್ರಶ್ನೆ, ದೋಣಿಗಳ ಲಂಗರು ಎಲ್ಲಿ ಬೀಳುತ್ತಿದೆ, ಮುಳುಗುವ ಪ್ರವಾಸಿಗರ ಕೈಕಾಲು ಎಲ್ಲಿ ತಾಗುತ್ತಿದೆ ಎಂಬುದು.

ಮೀಠಾಪುರದಲ್ಲಿ ಮುಂದೆ ಮಾಡಬೇಕಾದದ್ದು ದುಬಾರಿಯದೇನೂ ಅಲ್ಲ. ತಂತಿ ಹೊತ್ತ ಒಂದೊಂದು ಚೌಕಟ್ಟಿನ ಪಕ್ಕದಲ್ಲೂ, ಅದರ ವಿದ್ಯುತ್ ಕ್ಷೇತ್ರದಿಂದ ಆಚೆ, ಅದೇ ಅಳತೆಯ, ಅದೇ ಆಳದ, ತಂತಿಯಿಲ್ಲದ ಇನ್ನೊಂದು ಚೌಕಟ್ಟು. ಎರಡಕ್ಕೂ ಒಂದೇ ತಾಯಿ ಹವಳದಿಂದ ಒಡೆದ ತುಣುಕುಗಳು. ಬುಡದ ದಪ್ಪ ಬೇರೆ, ತುದಿಯ ಉದ್ದ ಬೇರೆ, ಸತ್ತವುಗಳ ಎಣಿಕೆ ಬೇರೆ ಬರೆದಿಡುವ ಪಟ್ಟಿ. ನೀರಿನ ಬಿಸಿಯನ್ನು ದಿನವೂ ದಾಖಲಿಸುವ ಉಪಕರಣ. ಹದಿನೆಂಟು ತಿಂಗಳಿಗೆ ಮುಗಿಸದೆ, ಕನಿಷ್ಠ ಒಂದು ಬಿಳಿಚುವ ಬೇಸಿಗೆಯನ್ನಾದರೂ ದಾಟುವಷ್ಟು ವರ್ಷ ಅದನ್ನು ನಡೆಸಬೇಕು. ಮಾಲ್ಡೀವ್ಸ್‌ನಲ್ಲಿ 1998ರಲ್ಲಿ ಕಂಡದ್ದು ವಿದ್ಯುತ್ತಿನ ಕೆಲಸವೋ ಚೌಕಟ್ಟಿನ ಎತ್ತರದ ಕೆಲಸವೋ ಎಂಬುದು ಅಂಥದೊಂದು ಬೇಸಿಗೆಯ ಕೊನೆಗೆ ಆ ಎರಡು ಚೌಕಟ್ಟುಗಳ ನಡುವೆ ಈಜಿ ಎಣಿಸಿದವರಿಗೆ ತಿಳಿಯುತ್ತದೆ.